ಗೆರೆ ಎಳೆದ ಗೈಡು

ರಾಯಚೂರು
೧೪ ಜುಲೈ ೨೦೨೪

ನಗ್ಮಾ ಬೇಟಿಗೆ ಅಬ್ಬಾನ ದುವಾ.

ರಜೆ ಮುಗಿಸಿ ನಿನ್ನನ್ನು ಹಾಸ್ಟೆಲ್‌ಗೆ ಬಿಟ್ಟು ಬಂದು ತಿಂಗಳಾಯಿತು. ಭಾನುವಾರ ವಾರ್ಡನ್ ಮೇಡಂ ಫೋನಿನಲ್ಲಿ ಎರಡು ನಿಮಿಷ ಸಿಗುತ್ತೀಯ. ಅದರಲ್ಲಿ ಒಂದೂವರೆ ನಿಮಿಷ ನಿನ್ನ ಅಮ್ಮಿ ಅಳುತ್ತಾಳೆ, ಉಳಿದದ್ದರಲ್ಲಿ ನಾನು ಹಲೋ ಹಲೋ ಅನ್ನುತ್ತೇನೆ. ಅದಕ್ಕೇ ಈ ವರ್ಷ ಪತ್ರ ಬರೆಯಬೇಕೆಂದು ತೀರ್ಮಾನಿಸಿದ್ದೇನೆ. ನನಗೆ ಬರೆಯಲು ಬರುವ ಉರ್ದು ನಿನಗೆ ಓದಲು ಬರುವುದಿಲ್ಲ. ನನ್ನ ಕನ್ನಡವೋ, ತೀನ್ ಕಂದೀಲ್ ಸರ್ಕಲ್ಲಿನ ಹತ್ತಿರ ಹಳೆ ಶಾಲೆಪುಸ್ತಕ ಮಾರುತ್ತ, ಗಿರಾಕಿ ಇಲ್ಲದ ಮಧ್ಯಾಹ್ನ ಗೈಡುಗಳನ್ನು ತಿರುವಿ ಕಲಿತದ್ದು. ಪ್ರಶ್ನೆಪತ್ರಿಕೆಯ ಹಾಗೆ ಕಂಡರೆ ನಗಬೇಡ.

ಕೆಳಗಿನವುಗಳಿಗೆ ಒಂದೊಂದು ವಾಕ್ಯದಲ್ಲಿ ಉತ್ತರಿಸು. ಹೊಟ್ಟೆ ತುಂಬಾ ಊಟ ಹಾಕುತ್ತಾರೆಯೇ? ಸಮಾಜ ವಿಜ್ಞಾನಕ್ಕೆ ಮೇಷ್ಟ್ರು ಬಂದರೇ? ಅಬ್ಬಾನ ನೆನಪು ಬರುತ್ತದೆಯೇ ಇಲ್ಲವೇ, ಕಾರಣ ಕೊಡು.

ಇದರ ಜೊತೆ ಹತ್ತನೇ ಕ್ಲಾಸಿನ ಸಮಾಜ ವಿಜ್ಞಾನದ ಗೈಡು ಕಳಿಸಿದ್ದೇನೆ. ಇತಿಹಾಸದಿಂದ ವ್ಯವಹಾರ ಅಧ್ಯಯನದವರೆಗೆ ಎಲ್ಲ ಪ್ರಶ್ನೆಗೂ ಉತ್ತರ ಇದೆ. ಇದು ಮಾಮೂಲಿ ಗೈಡಲ್ಲ. ಸಮಾಜದಲ್ಲಿ ತೊಂಬತ್ತೆಂಟು ತೆಗೆದ ಹುಡುಗಿ ಓದಿದ್ದು. ಅವಳು ಪೆನ್ಸಿಲ್ ಗೆರೆ ಎಳೆದಲ್ಲೆಲ್ಲ ಪರೀಕ್ಷೆಯಲ್ಲಿ ಪ್ರಶ್ನೆ ಬಂದಿತ್ತು ಎಂದು ಅವಳ ತಂದೆಯೇ ಮಾರುವಾಗ ಹೇಳಿದರು. ನಮ್ಮ ಗಿರಾಕಿಗಳು ನಿನಗೆ ಗೊತ್ತಲ್ಲ, ಟಾಪರ್ ಓದಿದ್ದು ಸಿಕ್ಕರೆ ಹೊಸ ಪುಸ್ತಕವನ್ನು ಕಣ್ಣೆತ್ತಿಯೂ ನೋಡುವುದಿಲ್ಲ, ಗೆರೆಯಲ್ಲೇ ಬರಕತ್ ಇದೆ ಅನ್ನುತ್ತಾರೆ. ಎಷ್ಟು ಜನ ಕೇಳಿದರೂ ಕೊಡದೆ ನಿನಗಾಗಿ ಪೆಟ್ಟಿಗೆಯ ತಳದಲ್ಲಿ ಇಟ್ಟಿದ್ದೆ. ಮೇಲಿನ ರಟ್ಟು ಹರಿದಿತ್ತು. ಕಿತ್ತು ಬಿಸಾಕಿ, ಖಾಕಿ ರಟ್ಟು ಹಾಕಿ, ನಾನೇ ಹೊಲಿದಿದ್ದೇನೆ.

ನಿನ್ನ ಅಬ್ಬಾ
ಅಮೀರ್ ಸಾಬ್


ದೇವದುರ್ಗ
೧೮ ಆಗಸ್ಟ್ ೨೦೨೪

ಅಬ್ಬಾ, ಅಸ್ಸಲಾಮು ಅಲೈಕುಂ.

ಉತ್ತರಗಳು: ತುಂಬುತ್ತದೆ, ಆದರೆ ಸಾರಿನಲ್ಲಿ ಬೇಳೆ ಹುಡುಕಬೇಕು. ಮೇಷ್ಟ್ರು ಇನ್ನೂ ಬಂದಿಲ್ಲ, ಅತಿಥಿ ಶಿಕ್ಷಕರು ಬರುತ್ತಾರಂತೆ. ಮೂರನೆಯದು ಪಠ್ಯಕ್ರಮದಲ್ಲಿ ಇಲ್ಲದ ಪ್ರಶ್ನೆ.

ಬಹಳ ಬರುತ್ತದೆ ಅಬ್ಬಾ.

ಗೈಡು ಬಂದಾಗಿನಿಂದ ನಾನು ಕ್ಲಾಸಿನಲ್ಲಿ ದೊಡ್ಡ ಮನುಷ್ಯಳಾಗಿದ್ದೇನೆ. ಎಲ್ಲರೂ ಗೆರೆಗಳನ್ನು ಮುಟ್ಟಿ ಮುಟ್ಟಿ ನೋಡುತ್ತಾರೆ. ಸಹಾಯಕ ಸೈನ್ಯ ಪದ್ಧತಿಯ ನಿಬಂಧನೆಗಳು ಬಾಯಿಗೆ ಬಂದಿವೆ. ಅದಕ್ಕೆ ಮೊದಲು ಸಹಿ ಹಾಕಿದ್ದು ನಮ್ಮ ನಿಜಾಮನೇ ಎಂದು ಓದಿದಾಗ ಯಾಕೋ ನನಗೇ ನಾಚಿಕೆಯಾಯಿತು.

ನನ್ನ ಬೆಂಚಿನಲ್ಲಿ ಪ್ರಿಯದರ್ಶಿನಿ ಎಂಬವಳು ಕೂರುತ್ತಾಳೆ. ಮಾನ್ವಿ ಕಡೆಯ ಹಿರೇಕೊಟ್ನೆಕಲ್ ಅವಳ ಊರು. ಅವಳ ಮನೆಯವರು ಕುರಿ ಹಿಂದೆ ಊರೂರು ಹೋಗುತ್ತಾರೆ. ಅವಳೂ ಹೋಗಿದ್ದಳು, ಎರಡು ತಿಂಗಳು ತಡವಾಗಿ ಈಗ ಬಂದಿದ್ದಾಳೆ. ಅಷ್ಟರಲ್ಲಿ ಶಾಲೆಯಲ್ಲಿ ಸಮಾಜದ ಪಠ್ಯಪುಸ್ತಕ ಹಂಚಿ ಮುಗಿದಿತ್ತು, ಅವಳಿಗೆ ಸಿಗಲಿಲ್ಲ. ಆದರೆ ಏನು ನೆನಪಿನ ಶಕ್ತಿ ಅಬ್ಬಾ ಅವಳದು. ನಾನು ನಾಲ್ಕು ಸಲ ಓದಿದ್ದನ್ನು ಅವಳು ಒಂದೇ ಸಲಕ್ಕೆ ಹೇಳುತ್ತಾಳೆ. ಕಪ್ಪು ಮಣ್ಣಿನ ಲಕ್ಷಣ ಕೇಳಿದರೆ, "ಮಳಿ ಬಂದ್ರ ಕುರಿ ಕಾಲಿಗೆ ಮೆತ್ತಿಗೊಂಡು ಬಿಡೂದಿಲ್ಲ, ಬ್ಯಾಸಗಿಗೆ ಮರಿ ಕಾಲು ಸಿಗೂವಷ್ಟು ಬಿರಿತಾವ" ಎಂದಳು. ಗೈಡಿನಲ್ಲಿಯೂ ಅದೇ ಇದೆ, ಕುರಿ ಒಂದಿಲ್ಲ.

ಈ ಸಲ ಪಾಸಾದರೆ ಮಾನ್ವಿಯಲ್ಲಿ ಅತ್ತೆಯ ಮನೆಯಲ್ಲಿದ್ದು ಕಾಲೇಜು ಓದಬಹುದು, ಫೇಲಾದರೆ ಕುರಿ ಹಿಂದೆ ಬರಬೇಕು ಎಂದು ಅವಳ ಅಪ್ಪ ಹೇಳಿದ್ದಾರೆ. ಎರಡನೇ ಮಾತಿಲ್ಲವಂತೆ. ಅವಳಿಗೂ ಇಂಥದೇ ಗೈಡು ಬೇಕು. ಅವಳ ಅಪ್ಪ ರಾಯಚೂರು ಸಂತೆಗೆ ಬಂದಾಗ ನಿಮ್ಮ ಹತ್ತಿರ ಬರುತ್ತಾರೆ.

ನಿಮ್ಮ ನಗ್ಮಾ


ರಾಯಚೂರು
೯ ಸೆಪ್ಟೆಂಬರ್ ೨೦೨೪

ನಗ್ಮಾ ಬೇಟಿ,

ನಿನ್ನ ಗೆಳತಿಯ ತಂದೆ ಬೂದೆಪ್ಪ ಬಂದಿದ್ದರು. ಕುರಿ ಮಾರಲು ಬಂದವರು ಮೂರು ಸಲ ನನ್ನ ಅಂಗಡಿಯ ಮುಂದೆ ಹಾದು ಹೋಗಿ ನಾಲ್ಕನೆಯ ಸಲ ನಿಂತರು. ನಾನು ಕುರ್ಚಿ ಬಿಟ್ಟುಕೊಟ್ಟೆ, ಚಹಾ ತರಿಸಿದೆ. ಕುರ್ಚಿಯಲ್ಲಿ ಕೂರಲು ಬಹಳ ಹೊತ್ತು ಒಪ್ಪಲಿಲ್ಲ.

"ನಿಮ್ಮ ಮಗಳು ಯಾವುದು ಓದತಾಳ ಅದನ್ನ ಕೊಡ್ರಿ ಸಾಬ್ರ. ಕಡಿಮಿದು ಬ್ಯಾಡ" ಎಂದರು.

ಅದೇ ಗೈಡಿನ ಇನ್ನೊಂದು ಪ್ರತಿ ನನ್ನ ಹತ್ತಿರ ಇತ್ತು. ಅದಕ್ಕೂ ಖಾಕಿ ರಟ್ಟು ಹಾಕಿ ಕೊಟ್ಟೆ. "ಇದು ಓದಿದ್ರ ಪಾಸ್. ಇದು ನನ್ನ ಮಾತು ಅದ, ಇಟಗೋರಿ" ಎಂದೆ. ಹಣ ಬೇಡವೆಂದರೆ ಕೇಳಲಿಲ್ಲ, ಹೆಗಲ ಮೇಲಿನ ಕಂಬಳಿ ತೆಗೆದು ನನ್ನ ಪುಸ್ತಕದ ಪೆಟ್ಟಿಗೆಯ ಮೇಲೆ ಹಾಸಿ ಹೋದರು. ನಿನ್ನ ಅಮ್ಮಿಗೆ ಅದರ ವಾಸನೆ ಆಗುವುದಿಲ್ಲ. ನಾನು ಮಾತ್ರ ಹೊದೆಯುತ್ತೇನೆ.

ಅವರ ಪ್ರತಿಯಲ್ಲಿ ಗೆರೆ ಇಲ್ಲ. ನಿನ್ನದನ್ನು ನೋಡಿ ನೀನೇ ಎಳೆದುಕೊಡು. ಒಂದೂ ಬಿಡಬೇಡ.

ಅಬ್ಬಾ


ದೇವದುರ್ಗ
೧೨ ನವೆಂಬರ್ ೨೦೨೪

ಅಬ್ಬಾ, ಸಲಾಂ.

ಎಲ್ಲರೂ ಆರಾಮ. ಗೈಡಿಗೆ ಮೊದಲು ಇದ್ದ ರಟ್ಟು ಎಲ್ಲಿ, ಅದು ಯಾವ ವರ್ಷದ್ದು ಎಂದು ದಸರಾ ರಜೆಯಲ್ಲಿ ಯಾಕೆ ಕೇಳಿದೆ ಎಂದು ಬರೆದಿದ್ದೀರಿ. ಸುಮ್ಮನೆ ಕೇಳಿದೆ. ಅವತ್ತು ನೀವು ಅಮ್ಮಿಗೆ ಗೈಡಿನ ಉತ್ತರಗಳನ್ನು ಗಟ್ಟಿಯಾಗಿ ಓದಿ ಹೇಳುತ್ತಿದ್ದಿರಿ. ಅಮ್ಮಿ ರೊಟ್ಟಿ ಬಡಿಯುವುದು ಬಿಟ್ಟು ಕೇಳುತ್ತಿದ್ದರು. ಅದನ್ನು ನೋಡುತ್ತ ಕುಳಿತೆ.

ಅತಿಥಿ ಶಿಕ್ಷಕರು ಬಂದಿದ್ದಾರೆ. ಬೇಗ ಬೇಗ ಮುಗಿಸುತ್ತಿದ್ದಾರೆ. ಗೆರೆ ಎಳೆದುಕೊಟ್ಟೆ, ಒಂದೂ ಬಿಟ್ಟಿಲ್ಲ.

ನಗ್ಮಾ


ರಾಯಚೂರು
೨೦ ಜನವರಿ ೨೦೨೫

ನಗ್ಮಾ,

ನಿನ್ನ ಪತ್ರಗಳು ಇತ್ತೀಚೆಗೆ ಒಂದಂಕದ ಉತ್ತರಗಳಾಗಿವೆ. ನಾನು ನಾಲ್ಕು ಅಂಕಕ್ಕೆ ಕೇಳುತ್ತಿದ್ದೇನೆ. ಮೊದಲು ಪುಟ ತುಂಬಾ ಪ್ರಿಯದರ್ಶಿನಿ ಇರುತ್ತಿದ್ದಳು, ಈಗ ಹೆಸರೂ ಇಲ್ಲ. ಜಗಳವಾಯಿತೇ? ಆಗಿದ್ದರೆ ಮೊದಲು ಮಾತಾಡಿಸುವವಳು ನೀನಾಗು. ಅವಳ ತಂದೆ ಮೊನ್ನೆ ಗುಂಜಹಳ್ಳಿಯ ಒಬ್ಬರ ಕೈಯಲ್ಲಿ, ಮಗಳು ಹಗಲೂ ರಾತ್ರಿ ನಿಮ್ಮ ಪುಸ್ತಕ ಹಿಡಿದೇ ಇರುತ್ತಾಳೆ ಎಂದು ಹೇಳಿ ಕಳಿಸಿದ್ದರು. ಕೇಳಿ ನಾನು ಅವತ್ತು ಎರಡು ಸಲ ಚಹಾ ಕುಡಿದೆ.

ಅಬ್ಬಾ


ರಾಯಚೂರು
೨೨ ಮಾರ್ಚ್ ೨೦೨೫

ನಗ್ಮಾ, ಈ ಪತ್ರ ಕೈಗೆ ಬಂದ ತಕ್ಷಣ ಪ್ರಿಯದರ್ಶಿನಿಯನ್ನು ಕರೆದುಕೊಂಡು ಕೂತು ಓದು.

ನಾಲ್ಕು ದಿನದ ಹಿಂದೆ ಅಂಗಡಿಗೆ ಒಬ್ಬ ಮೇಷ್ಟ್ರು ಬಂದಿದ್ದರು. ಖಾಕಿ ರಟ್ಟಿನ ಇನ್ನೊಂದು ಗೈಡು ತೆರೆದು ನೋಡಿ, "ಸಾಬ್ರ, ಇದು ಹಳೇ ಸಿಲಬಸ್ಸಿಂದು ಅದ. ಪುಸ್ತಕ ಬದಲಾಗಿ ಎಷ್ಟು ದಿನ ಆತು, ಇದನ್ನ ಇನ್ನೂ ಮಾರಾಕತ್ತೀರಲ್ಲ" ಎಂದರು. ನಾನು ನಂಬಲಿಲ್ಲ. ಅವರು ಹೊಸ ಪಠ್ಯಪುಸ್ತಕ ತಂದು ಪಕ್ಕದಲ್ಲಿಟ್ಟು ತೋರಿಸಿದರು. ನಾಲ್ಕು ಪಾಠ ಇದರಲ್ಲಿ ಇಲ್ಲವೇ ಇಲ್ಲ. ಇದರಲ್ಲಿ ಇರುವ ಐದು ಈಗ ಪರೀಕ್ಷೆಗೆ ಇಲ್ಲ. ವರ್ಷ ಬರೆದಿದ್ದ ರಟ್ಟನ್ನು ನಾನೇ ನನ್ನ ಕೈಯಾರೆ ಕಿತ್ತು ಬಿಸಾಕಿದ್ದೆ.

ಮೇಷ್ಟ್ರ ಕೈಕಾಲು ಹಿಡಿದು ಪುಸ್ತಕ ಇಸಿದುಕೊಂಡೆ. ಅಂಗಡಿ ಮುಚ್ಚಿ ಮೂರು ದಿನ ಕೂತು ಆ ನಾಲ್ಕು ಪಾಠದ ಪ್ರಶ್ನೋತ್ತರಗಳನ್ನು ಬರೆದಿದ್ದೇನೆ. ನನ್ನ ಅಕ್ಷರ ಚೆನ್ನಾಗಿಲ್ಲ, ಒತ್ತಕ್ಷರ ಅಲ್ಲಲ್ಲಿ ತಪ್ಪಿರಬಹುದು, ನೀವು ತಿದ್ದಿಕೊಳ್ಳಿ. ಪರೀಕ್ಷೆ ಮುಗಿಯುವವರೆಗೆ ಫೋನು ಕೊಡುವುದಿಲ್ಲ ಎಂದು ವಾರ್ಡನ್ ಮೇಡಂ ಹೇಳಿದರು, ಅದಕ್ಕೇ ದೇವದುರ್ಗ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಟ್ಟು ಕಳಿಸುತ್ತಿದ್ದೇನೆ, ನಾಳೆ ಬೆಳಿಗ್ಗೆ ಹಾಸ್ಟೆಲ್ ಗೇಟಿಗೆ ಮುಟ್ಟಿಸುತ್ತಾರೆ. ಸಮಾಜದ ಪರೀಕ್ಷೆಗೆ ಇನ್ನೂ ಆರು ದಿನ ಇದೆ. ನಿನಗೆ ಪಠ್ಯಪುಸ್ತಕವಾದರೂ ಇದೆ. ಮೊದಲು ಅವಳಿಗೆ ಕೊಡು. ಅವಳ ನೆನಪಿನ ಶಕ್ತಿಗೆ ಆರು ದಿನ ಸಾಕು.

ನನ್ನನ್ನು ಬೈದುಕೊಳ್ಳಿ, ಆದರೆ ಓದಿ.

ಅಬ್ಬಾ


ದೇವದುರ್ಗ
೫ ಏಪ್ರಿಲ್ ೨೦೨೫

ಅಬ್ಬಾ,

ನಿಮ್ಮ ಕಟ್ಟು ನಿನ್ನೆ ಸಿಕ್ಕಿತು, ಕೊನೆಯ ಪರೀಕ್ಷೆ ಮುಗಿಸಿ ಬಂದ ಮೇಲೆ. ಕೈಬರಹದ ಪ್ರಶ್ನೋತ್ತರ ಎಂದು ನೋಡಿ ವಾರ್ಡನ್ ಮೇಡಂ ಅದು ಕಾಪಿ ಚೀಟಿ ಅಂದುಕೊಂಡಿದ್ದರು. ಈ ವರ್ಷ ಪರೀಕ್ಷೆಯ ಕೋಣೆಯಲ್ಲಿ ಕ್ಯಾಮೆರಾ ಇಡುತ್ತಾರೆ, ಒಬ್ಬಳು ಸಿಕ್ಕಿಬಿದ್ದರೂ ಶಾಲೆಯ ಹೆಸರು ಹೋಗುತ್ತದೆ ಎಂದು ಹೊರಗಿನಿಂದ ಬಂದದ್ದನ್ನೆಲ್ಲ ಬೀರುವಿನಲ್ಲಿ ಹಾಕಿ ಬೀಗ ಹಾಕಿದ್ದರು. ಕೊಡುವಾಗ, "ನಿಮ್ಮಪ್ಪ ಇಷ್ಟೊಂದು ಬರದಾರಲ್ಲವ್ವ" ಎಂದು ಬೇಸರ ಮಾಡಿಕೊಂಡರು. ಅವರ ಮೇಲೆ ಸಿಟ್ಟು ಮಾಡಬೇಡಿ.

ಪ್ರಿಯದರ್ಶಿನಿ ಅಷ್ಟರಲ್ಲಿ ಹೋಗಿದ್ದಳು. ಅವಳ ಅಪ್ಪ ಬೆಳಿಗ್ಗೆಯೇ ಬಂದು ಪರೀಕ್ಷೆಯ ಗೇಟಿನ ಮುಂದೆ ಕಾಯುತ್ತಿದ್ದರು.

ಸಮಾಜದ ದಿನ ಅವಳು ನನ್ನ ಮುಂದಿನ ಸಾಲಿನಲ್ಲಿ ಓರೆಯಾಗಿ ಕಾಣುತ್ತಿದ್ದಳು. ಮೊದಲ ಅರ್ಧ ಗಂಟೆ ತಲೆ ಎತ್ತದೆ ಬರೆದಳು. ಆಮೇಲೆ ಭಾರತದ ನಕ್ಷೆ ಬಿಡಿಸಿದಳು, ನದಿಗಳನ್ನು ಗುರುತಿಸಿದಳು. ಆಮೇಲೆ ಪ್ರಶ್ನೆಪತ್ರಿಕೆಯನ್ನು ಮುಂದೆ ತಿರುವಿ ಹಿಂದೆ ತಿರುವಿ ಸುಮ್ಮನೆ ಕುಳಿತಳು. ಆ ನಾಲ್ಕು ಪಾಠಗಳಿಂದ ಬಹಳ ಬಂದಿತ್ತು ಅಬ್ಬಾ, ಉಳಿದ ಪಾಠಗಳ ಪ್ರಶ್ನೆಗಳೂ ಗೈಡಿನ ಹಾಗೆ ಇರಲಿಲ್ಲ. ನಾನು ಬರೆದೆ. ಬರೆಯುತ್ತ ಬರೆಯುತ್ತ ಅವಳ ಬೆನ್ನನ್ನೇ ನೋಡುತ್ತಿದ್ದೆ. ಹೊರಗೆ ಬಂದ ಮೇಲೆ, "ನಕ್ಷಿ ಛಲೋ ಬಂತು" ಎಂದಷ್ಟೇ ಹೇಳಿದಳು.

ನಾಹಿದ್ ಖಾಲಾಗೆ ಹೆರಿಗೆಯಾಗಿದೆಯಲ್ಲ, ಅಮ್ಮಿಗೂ ತಂಗಿಯದೇ ಚಿಂತೆ, ನಾನು ಇಲ್ಲಿಯೇ ದೇವದುರ್ಗದಲ್ಲಿ ಅವರ ಮನೆಯಲ್ಲಿ ಸ್ವಲ್ಪ ದಿನ ಇರುತ್ತೇನೆ. ಈಗಲೇ ಊರಿಗೆ ಬರಲು ಮನಸ್ಸಿಲ್ಲ.

ನಗ್ಮಾ


ರಾಯಚೂರು
೮ ಮೇ ೨೦೨೫

ನಗ್ಮಾ ಬೇಟಿ,

ಫೋನಿನಲ್ಲಿ ನಿನ್ನ ಖಾಲಾ, ಮಗು, ಅಕ್ಕಪಕ್ಕದವರು ಎಲ್ಲರೂ ಇರುತ್ತಾರೆ. ಇದು ಅಲ್ಲಿ ಆಡುವ ಮಾತಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನೀನು ಫಸ್ಟ್ ಕ್ಲಾಸ್. ನಿನ್ನ ಅಮ್ಮಿ ಓಣಿಗೆಲ್ಲ ಸಕ್ಕರೆ ಹಂಚಿದಳು. ಪ್ರಿಯದರ್ಶಿನಿಗೆ ಉಳಿದ ಐದೂ ವಿಷಯ ಪಾಸು. ಸಮಾಜ ಒಂದರಲ್ಲಿ ಏಳು ಅಂಕ ಕಡಿಮೆಯಾಗಿ ಫೇಲು. ನಾನು ಮೊಬೈಲಿನಲ್ಲಿ ಅದನ್ನು ನಾಲ್ಕು ಸಲ ನೋಡಿದೆ, ನಾಲ್ಕು ಸಲವೂ ಏಳೇ.

ಮರುದಿನವೇ ಹೊಸ ಪಠ್ಯಪುಸ್ತಕ ತೆಗೆದುಕೊಂಡು ಮಾನ್ವಿ ಬಸ್ ಹತ್ತಿ ಹಿರೇಕೊಟ್ನೆಕಲ್‌ಗೆ ಹೋದೆ. ಮನೆಗೆ ಬೀಗ. ಪಕ್ಕದ ಮನೆಯ ಹುಲಗೆಮ್ಮ ಎಂಬ ಮುದುಕಿ ಕಟ್ಟೆಯ ಮೇಲೆ ಕುಳಿತಿದ್ದಳು. "ಕುರಿ ಹೊಡಕೊಂಡು ಹೋದ್ರಪ್ಪ. ಹೊಳಿ ದಂಡಿ ಕಡೆ ಅಂದ್ರು. ಮಳಿ ಬಿದ್ದ ಮ್ಯಾಲೆ ಬಂದ್ರ ಬಂದ್ರು" ಎಂದಳು. ಬೂದೆಪ್ಪನ ಫೋನು ಹತ್ತುತ್ತಿಲ್ಲ. ಅಲ್ಲಿಂದ ದೇವದುರ್ಗಕ್ಕೆ ಬಂದೆ, ನಿನಗೆ ಮುಖ ತೋರಿಸಲಾಗದೆ ನೇರ ನಿಮ್ಮ ಶಾಲೆಗೆ ಹೋಗಿ ಹೆಡ್‌ಮಾಸ್ಟರನ್ನು ಕಂಡೆ. ಫೇಲಾದವರಿಗೆ ಇರುವ ಎರಡನೇ ಪರೀಕ್ಷೆಗೆ ಹೆಸರು ಕೊಡಲು ಎರಡೇ ದಿನ ಉಳಿದಿದೆ, ಹುಡುಗಿಯ ಸಹಿ ಬೇಕು, ನಾನೇನು ಮಾಡಲಿ ಸಾಬರೇ ಎಂದರು. ಅವರು ಒಳ್ಳೆಯವರು, ಅವರ ಕೈಯಲ್ಲೂ ಏನೂ ಇಲ್ಲ. ಆ ಎರಡು ದಿನವೂ ಮೊನ್ನೆಗೆ ಮುಗಿದವು.

ಖಾಕಿ ರಟ್ಟಿನ ಗೈಡುಗಳನ್ನೆಲ್ಲ ಚೀಲಕ್ಕೆ ತುಂಬಿ ಬಾಯಿ ಕಟ್ಟಿದ್ದೇನೆ. ಮೂವತ್ತು ವರ್ಷದ ವ್ಯಾಪಾರದಲ್ಲಿ ನಾನು ಯಾರಿಗೂ ಮೋಸ ಮಾಡಿಲ್ಲ ಎಂದು ಹೇಳಿಕೊಂಡು ತಿರುಗುತ್ತಿದ್ದೆ. ಆ ಹುಡುಗಿ ಫೇಲಾಗಲು ಕಾರಣವೇನು ಎಂದು ಯಾರಾದರೂ ಕೇಳಿದರೆ ಒಂದೇ ಪದದ ಉತ್ತರ ಸಾಕು: ಅಮೀರ್ ಸಾಬ್. ಅವರು ಎಲ್ಲಿರಬಹುದು ಎಂದು ನಿನಗೇನಾದರೂ ಗೊತ್ತಿದ್ದರೆ ಬರೆ.

ಅಬ್ಬಾ


ದೇವದುರ್ಗ
೧೬ ಮೇ ೨೦೨೫

ಅಬ್ಬಾ,

ಮೂರು ಸಲ ಫೋನ್ ಮಾಡಿ, ನೀವು ಹಲೋ ಅಂದ ಕೂಡಲೇ ಇಟ್ಟುಬಿಟ್ಟೆ. ಅದಕ್ಕೇ ಈ ಪತ್ರ.

ಉತ್ತರ ನೀವಲ್ಲ. ನಾನು.

ಗೈಡು ಹಳೆಯದು ಎಂದು ನನಗೆ ಸೆಪ್ಟೆಂಬರಿನಲ್ಲೇ ಗೊತ್ತಾಗಿತ್ತು. ಅವಳ ಪ್ರತಿಗೆ ಗೆರೆ ಎಳೆಯುತ್ತ ಪಠ್ಯಪುಸ್ತಕ ಪಕ್ಕದಲ್ಲಿ ಇಟ್ಟುಕೊಂಡಿದ್ದೆ. ಪರೀಕ್ಷೆಗೆ ಬಾರದ ಪಾಠಗಳಿಗೂ ಗೆರೆ ಎಳೆದುಕೊಟ್ಟೆ. ದಸರೆಗೆ ಬಂದಾಗ ಹೇಳಬೇಕೆಂದೇ ಬಂದಿದ್ದೆ. ನೀವು ಅಮ್ಮಿಗೆ ಓದಿ ಹೇಳುತ್ತಿದ್ದಿರಿ. ಬೂದೆಪ್ಪನವರಿಗೆ ಮಾತು ಕೊಟ್ಟಿದ್ದನ್ನು ಬಂದವರಿಗೆಲ್ಲ ಹೇಳುತ್ತಿದ್ದಿರಿ. ನನ್ನ ಬಾಯಿ ಬರಲಿಲ್ಲ.

ನವೆಂಬರಿನಲ್ಲಿ ನಾನು ಪಠ್ಯಪುಸ್ತಕದಿಂದ ಆ ಪಾಠಗಳನ್ನು ಓದುವುದನ್ನು ನೋಡಿ ಪ್ರಿಯದರ್ಶಿನಿ ಕೇಳಿದಳು, "ಇದು ನನ್ನ ಗೈಡಿನ್ಯಾಗ ಇಲ್ಲಲ್ಲ ನಗ್ಮಾ, ಇದೂ ಓದಬೇಕೇನು?" ನಾನು, "ಬ್ಯಾಡ, ಗೈಡ್ ಸಾಕು. ಇವು ಬರೂದಿಲ್ಲ" ಎಂದೆ. ಅಷ್ಟೇ ಅಬ್ಬಾ. ಒಂದೇ ಮಾತು. ಆಮೇಲೆ ದಿನಾ ನಾಳೆ ಹೇಳುತ್ತೇನೆ ಅಂದುಕೊಂಡೆ. ದಿನ ಹೋದಷ್ಟೂ, ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಕೇಳಿದರೆ ಏನು ಹೇಳಲಿ ಎಂಬ ಭಯ ದೊಡ್ಡದಾಯಿತು. ಅವಳ ಜೊತೆ ಮಾತೇ ಕಡಿಮೆ ಮಾಡಿದೆ.

ನಿಮ್ಮ ಮರ್ಯಾದೆಗಾಗಿ ಹೀಗೆ ಮಾಡಿದೆ ಎಂದು ಇಷ್ಟು ದಿನ ನನಗೆ ನಾನೇ ಹೇಳಿಕೊಂಡೆ. ಅದು ಅರ್ಧ ಉತ್ತರ. ಇನ್ನರ್ಧ ಇದು. ಅವಳು ತಡವಾಗಿ ಬಂದು, ಪಠ್ಯಪುಸ್ತಕವೂ ಇಲ್ಲದೆ, ಬಾಯಿಪಾಠದಲ್ಲಿ ನನಗಿಂತ ಮುಂದೆ ಹೋಗಿದ್ದಳು. ಆ ನಾಲ್ಕು ಪಾಠ ಮಾತ್ರ ನನ್ನೊಬ್ಬಳ ಹತ್ತಿರ ಇದ್ದವು.

ನನಗೆ ಕಾಲೇಜು ಬೇಡ.

ನಗ್ಮಾ


ರಾಯಚೂರು
೫ ಜೂನ್ ೨೦೨೫

ನಗ್ಮಾ,

ನಿನ್ನ ಪತ್ರ ಬಂದು ಎರಡು ವಾರದ ಮೇಲಾಯಿತು. ಅಮ್ಮಿಗೆ ತೋರಿಸಿಲ್ಲ, ತೋರಿಸುವುದೂ ಇಲ್ಲ. ನನಗೆ ನಿನ್ನ ಮೇಲೆ ಬಹಳ ಸಿಟ್ಟು ಬಂತು. ಈಗಲೂ ಇದೆ. ನೀನು ಎದುರಿಗೆ ಇದ್ದಿದ್ದರೆ ಕೈ ಎತ್ತುತ್ತಿದ್ದೆನೋ ಏನೋ. ಆಮೇಲೆ, ನನ್ನ ಮುಂದೆ ನಿನ್ನ ಬಾಯಿ ಬರದಂತೆ ನಾನು ಎಷ್ಟೊಂದು ಹೆಮ್ಮೆಪಟ್ಟುಕೊಂಡು ಕೂತಿದ್ದೆ ಎಂದು ನೆನೆದು ನನ್ನ ಮೇಲೇ ಸಿಟ್ಟು ಬಂತು.

ಉಣ್ಣೆ ಕೊಳ್ಳುವ ತಾಯಣ್ಣ, ಬೂದೆಪ್ಪನ ಕುರಿಮಂದೆ ಕಲ್ಲೂರಿನ ಹತ್ತಿರ ಹೊಲವೊಂದರಲ್ಲಿ ನಿಂತಿದೆ ಎಂದು ಹೇಳಿದ. ನಿನ್ನೆ ಹೋಗಿದ್ದೆ. ಬೂದೆಪ್ಪ ನನ್ನನ್ನು ನೋಡಿ ಓಡಿ ಬಂದರು. ಅವರ ಹೆಂಡತಿ ಬಾಲಮ್ಮ ಮಜ್ಜಿಗೆ ಕೊಟ್ಟರು. ನಾನು ತಪ್ಪೊಪ್ಪಿಕೊಂಡೆ. ಬೂದೆಪ್ಪ ನಕ್ಕರು.

"ನಿಮ್ದೇನು ತಪ್ಪು ಅದ ಸಾಬ್ರ. ನೀವು ಪುಸ್ತಕ ಕೊಟ್ರಿ, ಓದಾಕಿ ಆಕಿ" ಎಂದರು.

ಬೈದಿದ್ದರೆ ಚೆನ್ನಾಗಿತ್ತು. ಮೂರನೇ ಪರೀಕ್ಷೆ ಅದ, ಕಳಿಸ್ರಿ ಎಂದೆ. "ಕುರಿ ಕಾಯೋ ಆಳು ಬಿಟ್ಟು ಹೋದ್ರಿ. ಆಕಿನೂ ಇಲ್ಲಂದ್ರ ಇಷ್ಟು ಜೀವದ ಹಿಂದ ಯಾರು ಹೋಗತಾರ? ಒಂದು ಸಲ ಅಂದಿದ್ನಿ, ಆ ಸಲ ಕೊಟ್ನಿ" ಎಂದರು. ಅದರಲ್ಲಿಯೂ ಸುಳ್ಳಿಲ್ಲ.

ಪ್ರಿಯದರ್ಶಿನಿ ಬೇವಿನ ಮರದ ಕೆಳಗೆ ಕುಂಟುವ ಮರಿಯೊಂದರ ಕಾಲಿಗೆ ಬಟ್ಟೆ ಕಟ್ಟುತ್ತಿದ್ದಳು. ಬಿಸಿಲಿಗೆ ಕಪ್ಪಾಗಿದ್ದಾಳೆ. ಹೋಗಿ ಪಕ್ಕದಲ್ಲಿ ಕುಳಿತೆ. ನಿನ್ನ ಪತ್ರದ ವಿಷಯ ಹೇಗೆ ತೆಗೆಯಲಿ ಎಂದು ನಾನು ಒದ್ದಾಡುತ್ತಿರುವಾಗ ಅವಳೇ ಹೇಳಿದಳು.

"ಗೈಡು ಹಳೇದು ಅಂತ ನನಗ ಗೊತ್ತಿತ್ರಿ ಕಾಕಾ. ಸರ್ ಬೋರ್ಡ್ ಮ್ಯಾಲೆ ಆ ಪಾಠದ ಹೆಸರು ಬರದಾಗಲೇ ಗೊತ್ತಾತು."

"ಮತ್ತ ನಗ್ಮಾನ ಪುಸ್ತಕ ಯಾಕ ಕೇಳಲಿಲ್ಲವ್ವ?"

"ಕೇಳಿದ್ರ, ನಮ್ಮಪ್ಪ ಹಳೇ ಪುಸ್ತಕ ಕೊಟ್ಟಾನ ಅಂತ ಆಕಿ ತನ್ನ ಬಾಯಿಲೆ ಹೇಳಬೇಕಾಗ್ತಿತ್ತು. ಆಕಿ ಮಾರಿ ನೋಡಿದ್ರ ಹೇಳಾಕ ಆಗವಲ್ದು ಅಂತ ಗೊತ್ತಾಗ್ತಿತ್ರಿ. ನಮ್ಮಪ್ಪನೂ ನಿಮ್ಮ ಮಾತು ಊರಿಗೆಲ್ಲ ಹೇಳಿಕೊಂಡು ತಿರಗ್ಯಾನ. ನಮ್ಮ ಕ್ಲಾಸಿನ ಯಶೋದಾನ ಪುಸ್ತಕ ಇಸಗೊಂಡು ಎರಡು ಪಾಠ ಓದಿದ್ನಿ. ಎರಡು ಉಳದ್ವು. ಹೆಂಗೂ ದಾಟ್ತೀನಿ ಅನಕೊಂಡಿದ್ನಿ."

ಆಮೇಲೆ ಮರಿಯನ್ನು ಕೆಳಗೆ ಬಿಟ್ಟು, "ನಗ್ಮಾಗ ಇದು ಹೇಳಬ್ಯಾಡ್ರಿ. ಕಾಲೇಜಿಗೆ ಹೋಗಾಕಿ, ಮನಸಿನ್ಯಾಗ ಇಟಗೊಂಡು ಕುಂದರತಾಳ" ಎಂದಳು. ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಈಗ ಹೇಳಿದ್ದೇನೆ. ಆ ಹುಡುಗಿಗೆ ಕೊಟ್ಟ ಎರಡನೆಯ ಮಾತನ್ನೂ ಮುರಿದೆ. ಅವಳು ಏನೂ ತಿಳಿಯದೆ ಮೋಸ ಹೋದಳು ಎಂದು ನೀನು ಅಂದುಕೊಂಡಿದ್ದೀಯ. ಅವಳು ತಿಳಿದೂ ನಿನ್ನ ಮುಖ ಉಳಿಸಿದಳು. ಇದನ್ನು ನಿನ್ನಿಂದ ಮುಚ್ಚಿಡುವ ಹಕ್ಕು ನನಗಿಲ್ಲ.

ಕಾಲೇಜು ಬೇಡ ಎಂದು ಬರೆದಿದ್ದೀಯ. ನೀನು ಕಾಲೇಜು ಬಿಟ್ಟ ಮಾತ್ರಕ್ಕೆ ಅವಳ ಏಳು ಅಂಕ ಬರುವುದಿಲ್ಲ. ಸೋಮವಾರ ಅಡ್ಮಿಷನ್, ಭಾನುವಾರ ಬಾ. ಕಲ್ಲೂರಿನಲ್ಲಿ ಅವರು ಇನ್ನು ಮೂರು ದಿನ ಇರುತ್ತಾರೆ, ಅದಕ್ಕೇ ಈ ಪತ್ರವನ್ನು ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಳಿಸುತ್ತಿದ್ದೇನೆ. ಬರುವ ಮೊದಲು ಅಲ್ಲಿಗೆ ಹೋಗುವುದೋ ಬಿಡುವುದೋ ನಿನಗೆ ಬಿಟ್ಟದ್ದು. ನಾನು ಹೋಗು ಎಂದು ಹೇಳಿ ನೀನು ಹೋದರೆ ಅದಕ್ಕೆ ಅರ್ಥವಿಲ್ಲ.

ಮೂರನೇ ಪರೀಕ್ಷೆಯ ಅರ್ಜಿಯನ್ನು ಜೇಬಿನಲ್ಲಿ ಇಟ್ಟುಕೊಂಡೇ ಹೋಗಿದ್ದೆ. ಸಹಿ ಹಾಕವ್ವ ಎಂದೆ. ತಕ್ಷಣ ಹಾಕಿದಳು, ಎಷ್ಟು ಚೆಂದದ ಅಕ್ಷರ. ಪರೀಕ್ಷೆಗೆ ಬರ್ತಿಯಲ್ಲ ಎಂದು ಕೇಳಿದರೆ ಎದ್ದು ಮರಿಯ ಹಿಂದೆ ಹೋದಳು. ನಾನು ಬರಿಗೈಯಲ್ಲಿ ಹೋಗಬಾರದೆಂದು ಸಹಿ ಹಾಕಿದ್ದಳು ಅಷ್ಟೇ. ಇವತ್ತು ದೇವದುರ್ಗಕ್ಕೆ ಬಂದು, ಸಿಟ್ಟಿನಲ್ಲಿ ನಿನ್ನನ್ನು ಕಾಣದೆ, ಅದನ್ನು ಹೆಡ್‌ಮಾಸ್ಟರ್‌ಗೆ ಕೊಟ್ಟು ಬಂದೆ. ಹಾಲ್ ಟಿಕೆಟ್ ಬಂದರೆ ಯಾರಿಗೆ ಕೊಡಬೇಕು, ಹುಡುಗಿಯ ವಿಳಾಸ ಎಲ್ಲಿ ಎಂದು ಕೇಳಿದರು. ಹಿರೇಕೊಟ್ನೆಕಲ್ ಎನ್ನೋಣವೆಂದರೆ ಮನೆಗೆ ಬೀಗ, ಮಂದೆ ಮುಂದೆ ಯಾವ ಊರಲ್ಲೋ. ಕೊನೆಗೆ ನನ್ನ ಅಂಗಡಿಯ ವಿಳಾಸ ಬರೆಸಿ ಬಂದಿದ್ದೇನೆ.

ಅಬ್ಬಾ